ನಾಫಿಯಾಳ ವಿಡಿಯೋ

"ಬೇವರ್ಸಿ, ಇದೆಂತದು? ಮದುವೆ ವಿಡಿಯೋವಾ?"

ಬಾವ ಹಾಜಿ ಮೊಬೈಲನ್ನು ಮೇಜಿನ ಮೇಲೆ ಕುಕ್ಕಿದರು. ದುಬೈಯ ದೇರಾದಲ್ಲಿ ಅವರದು ಏಲಕ್ಕಿ, ಕೇಸರಿಯ ಸಗಟು ಅಂಗಡಿ. ಊರಿನ ಬಡ ರೋಗಿಗಳಿಗೆ ಚಂದಾ ಎತ್ತುವ ಕಮಿಟಿಗೂ ಅವರೇ ಅಧ್ಯಕ್ಷರು. ದುಬೈಯಲ್ಲಿರುವ ಊರವರೆಲ್ಲ ಕಮಿಟಿಯ ವಾಟ್ಸಾಪ್ ಗ್ರೂಪಿನಲ್ಲಿದ್ದಾರೆ. ಹಾಜಿಯವರು ಒಪ್ಪಿ ಹಾಕಿದ ವಿಡಿಯೋಕ್ಕೆ ದುಡ್ಡು ಬರದೆ ಇರುವುದಿಲ್ಲ. ಒಪ್ಪಬೇಕು, ಅಷ್ಟೆ. ರಶೀದ ಚೀಲಗಳ ನಡುವೆ ಕೈಕಟ್ಟಿ ನಿಂತಿದ್ದ. ಭಾನುವಾರದ ರಜೆಯೆಂದು ಮುಹೈಸ್ನಾದ ಕಾರ್ಮಿಕರ ಕ್ಯಾಂಪಿನಿಂದ ಬೆಳಿಗ್ಗೆಯೇ ಹೊರಟು ಬಂದಿದ್ದ.

ವಿಡಿಯೋದಲ್ಲಿ ಅವನ ಮಗಳು ನಾಫಿಯಾ. ಹನ್ನೊಂದು ವರ್ಷ, ಎರಡೂ ಕಿಡ್ನಿ ಕೈಕೊಟ್ಟಿವೆ. ಹಬ್ಬದ ಫ್ರಾಕು ತೊಟ್ಟು, ಮಲ್ಲಿಗೆ ಮುಡಿದು, ಓಲೆ ಹಾಕಿ, ಹಲ್ಲುಬಿಟ್ಟು ನಗುತ್ತಿದ್ದಳು. ಆ ಮನೆಯಲ್ಲಿ ಕ್ಯಾಮೆರಾ ಎಂದರೆ ಅಪ್ಪ ನೋಡುತ್ತಾನೆ ಎಂದೇ ಅರ್ಥ, ಏಳು ವರ್ಷದಿಂದ. ವಿಡಿಯೋ ಬೇಕಂತೆ ಎಂದ ಕೂಡಲೇ ತಾಯಿ ಶಾಹಿನ ಮಗಳ ತಲೆ ಬಾಚಿದ್ದಳು.

"ಅದರ ಕೆನ್ನೆ ನೋಡು. ಒಳ್ಳೆ ಪುಷ್ಟಿ ಉಂಟು. ಇದಕ್ಕೆ ರೋಗ ಅಂದ್ರೆ ಯಾವ ನಾಯಿ ನಂಬ್ತದೆ?"

"ಅದು ಊತ, ಹಾಜಿಯವರೇ. ಮೈಯಲ್ಲಿ ನೀರು ತುಂಬಿದ್ದು."

"ಮತ್ತೆ ನೆಲ? ಟೈಲ್ಸ್!"

ಟೈಲ್ಸ್ ರಶೀದನೇ ಹಾಕಿದ್ದು. ಅಲ್ ರೀಮ್ ಐಲ್ಯಾಂಡಿನಲ್ಲಿ ಮೂವತ್ತು ಮಹಡಿಗೆ ನೆಲ ಹಾಸಿದವನು, ರಜೆಗೆ ಹೋದಾಗ ತನ್ನ ಒಂದು ಕೋಣೆಗೂ ಹಾಸಿದ್ದ. ಅದನ್ನು ನೋಡಿಯೇ ಊರಿನಲ್ಲಿ ಅಧಿಕಾರಿಗಳು 'ದುಬೈಯವರ ಮನೆ' ಎಂದು ಬರೆದುಕೊಂಡು ರೇಷನ್ ಕಾರ್ಡು ಕಿತ್ತುಕೊಂಡರು. ಕಾರ್ಡಿನ ಜೊತೆ ಸರಕಾರಿ ಚಿಕಿತ್ಸೆಯೂ ಹೋಯಿತು. ಶಾಹಿನಳ ಬಳೆ, ಸರವನ್ನೆಲ್ಲ ಡಯಾಲಿಸಿಸ್ ನುಂಗಿ ನೀರು ಕುಡಿಯಿತು. ಈಗ ಅವಳು ತನ್ನ ಕಿಡ್ನಿಯನ್ನೇ ಕೊಡುತ್ತೇನೆಂದು ಕೂತಿದ್ದಾಳೆ. ಮುಂಗಡ ಕಟ್ಟದೆ ಆಸ್ಪತ್ರೆಯವರು ಆಪರೇಷನ್ನಿಗೆ ದಿನ ಕೊಡುವುದಿಲ್ಲ.

"ಕಾಲ್ ಮಾಡು. ಸ್ಕ್ರೀನ್ ರೆಕಾರ್ಡಿಗೆ ಹಾಕು. ಓಲೆ ತೆಗೆಸಿ ಹಿಂದೆ ಸೌದೆ ಕೊಟ್ಟಿಗೆಯಲ್ಲಿ ಕೂರಿಸು. ಯಲ್ಲಾ, ಬೇಗ."

ರಶೀದ ರೆಕಾರ್ಡಿಗೆ ಹಾಕಿ ವಿಡಿಯೋ ಕಾಲ್ ಮಾಡಿದ. ಹೇಳಿದ್ದನ್ನೆಲ್ಲ ಹೇಳಿದ. ತನ್ನ ದನಿ ಯಾರದೋ ಎನಿಸಿತು. ಶಾಹಿನ ಮಗಳನ್ನು ಕೊಟ್ಟಿಗೆಗೆ ಕರೆದೊಯ್ದು ಕೂರಿಸಿ ಓಲೆ ಬಿಚ್ಚಿದಳು.

"ಉಪ್ಪಾ, ಓಲೆ ಚಂದ ಇರ್ಲಿಲ್ವಾ?"

"ಚಂದ ಉಂಟು ಮಗಾ. ಈಗ ಸ್ವಲ್ಪ ಅಳು."

ನಾಫಿಯಾ ತುಟಿ ಇಳಿಸಿದಳು, ಕಣ್ಣುಜ್ಜಿದಳು, ಅಪ್ಪನ ಮುಖ ಕಂಡದ್ದೇ ಕಿಸಕ್ಕನೆ ನಕ್ಕಳು. ಇನ್ನೊಮ್ಮೆ ಮಾಡಿದಳು. ಮತ್ತೂ ನಗು.

"'ಉಪ್ಪ ಇನ್ನು ಬರುದಿಲ್ಲ, ಇಲ್ಲೇ ಸಾಯ್ತಾನೆ' ಅಂತ ಹೇಳು. ಅಳ್ತದೆ," ಎಂದು ಹಾಜಿ ಚಹಾ ಹೀರಿದರು. "ಹೋದ ತಿಂಗಳು ಒಬ್ಬನ ಹತ್ರ ಹಾಗೇ ಹೇಳಿಸಿದ್ದು. ಒಂದೇ ದಿವಸದಲ್ಲಿ ದುಡ್ಡು ಬಂತು."

ರಶೀದನಿಗೆ ಸಿಟ್ಟು ಬರಲಿಲ್ಲ. ಬರಬೇಕಿತ್ತು. ತನ್ನೊಳಗೆ ಎಷ್ಟು ತಡಕಿದರೂ ಅದು ಸಿಗಲಿಲ್ಲ. ಸುಮ್ಮನೆ ಕ್ಯಾಮೆರಾವನ್ನು ಹಾಜಿಯ ಕಡೆ ತಿರುಗಿಸಿದ.

"ನೀವೇ ಒಮ್ಮೆ ಅಳಿ ಹಾಜಿಯವರೇ. ಅವಳು ನೋಡಿ ಕಲೀಲಿ."

"ಎಂತ?"

"ಉಂಗುರ ತೆಗ್ದು ಅಳಿ. ನೆಲದಲ್ಲಿ ಕೂತು ಅಳಿ."

ಹಾಜಿಯ ಚಹಾ ಮೇಜಿಗೆ ಚೆಲ್ಲಿತು. "ಖಲಾಸ್! ನಿನ್ನ ವಿಡಿಯೋ ಸಾಯ್ಲಿ. ಹೋಗು ಹೊರಗೆ, ನಾಯಿ! ಇನ್ನು ಯಾರು ಕೊಡ್ತಾರೆ ನಾನೂ ನೋಡ್ತೇನೆ."

ಹೊರಗೆ ಸುಡು ಬಿಸಿಲು. ಕೈಗಾಡಿಯವನೊಬ್ಬ ದಾರಿ ಬಿಡೆಂದು ಕೂಗಿದ. ರಶೀದ ಸರಿದು ನಿಂತ. ಕೈಯಲ್ಲಿದ್ದ ಕಾಲ್ ಇನ್ನೂ ಕತ್ತರಿಸಿರಲಿಲ್ಲ.

"ಉಪ್ಪಾ."

ನಾಫಿಯಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಊದಿದ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅವಳು ಅದನ್ನು ಒರೆಸಿಕೊಳ್ಳದೆ ಮುಖವನ್ನು ಕ್ಯಾಮೆರಾಕ್ಕೆ ಹತ್ತಿರ ತಂದಳು.

"ಈಗ ಬಂತು ಉಪ್ಪಾ. ಬೇಗ ರೆಕಾರ್ಡ್ ಮಾಡಿ. ನಿಂತುಹೋದ್ರೆ ಮತ್ತೆ ಬರ್ಲಿಕ್ಕಿಲ್ಲ."

ರೆಕಾರ್ಡು ನಿಂತೇ ಇರಲಿಲ್ಲ. ಹಾಜಿಯ ಮಾತು, ಚಹಾ, ಉಂಗುರ, ಎಲ್ಲ ಅದರಲ್ಲಿತ್ತು.

"ಆಯ್ತು ಮಗಾ. ಸಾಕು. ಓಲೆ ಹಾಕ್ಕೋ."

ಕಾಲ್ ಕತ್ತರಿಸಿದ. ಗ್ರೂಪು ತೆರೆದ. ಎಲ್ಲಿಯೂ ಕತ್ತರಿಸದೆ, ಒಂದಕ್ಷರವೂ ಬರೆಯದೆ, ಇಡಿಯಾಗಿ ಕಳಿಸಿದ. ಊರವರು ಒಬ್ಬೊಬ್ಬರಾಗಿ ನೋಡತೊಡಗಿದರು. ಯಾರೂ ಏನೂ ಬರೆಯಲಿಲ್ಲ. ಬಸ್ಸು ಬರುವ ತನಕ ರಶೀದ ಪರದೆ ಆರದಂತೆ ಬೆರಳಾಡಿಸುತ್ತ ನಿಂತಿದ್ದ.