ಹೊರಡುವ ದಿನದ ಸಾಡೊ

ಸತ್ತವಳ ಮೈಮೇಲಿನ ಬಟ್ಟೆ ಕಿತ್ತು ತಂದು ಗಾಜಿನೊಳಗೆ ಇಟ್ಟು, ಅದರ ಮುಂದೆ ನಿಂತು ವೈನ್ ಕುಡಿಯುವವರನ್ನು ನೀವು ನೋಡಿದ್ದೀರಾ? ನಾನು ನೋಡಿದೆ. ಕಳೆದ ಶನಿವಾರ, ನೈರೋಬಿಯ ರಿವರ್‌ಸೈಡ್‌ನಲ್ಲಿ.

ಕರೆದುಕೊಂಡು ಹೋದವಳು ನನ್ನ ತಮ್ಮ ಓಲ್ವಿನ್‌ನ ಹೆಂಡತಿ ಹೇಜಲ್. ಇಟಲಿಯ ಯಾವುದೋ ಮ್ಯೂಸಿಯಂನವರು ಐನೂರು ವರ್ಷ ಹಿಂದಿನ ಶಿಲ್ಪ, ಚಿತ್ರ, ರೇಷ್ಮೆ ಬಟ್ಟೆಗಳನ್ನು ನೈರೋಬಿಗೆ ತಂದಿದ್ದರು. ಅಂಥದ್ದಕ್ಕೆಲ್ಲ ಹೇಜಲ್‌ಗೆ ಆಹ್ವಾನ ಬರುತ್ತದೆ. ಸೌತ್ ಸಿ ಬಡಾವಣೆಯಲ್ಲಿ ಅಮ್ಮನ ಜೊತೆ ಇರುವ ನನಗೆ ಬರುವುದು ನೀರಿನ ಬಿಲ್ಲು. "ಬನ್ನಿ ಈಲೇನಕ್ಕ, ನಿಮಗೂ ಸ್ವಲ್ಪ ಚೇಂಜ್ ಆಗ್ತದೆ" ಅಂದಳು. ನಾನು ಹೊರಟದ್ದು ಚೇಂಜಿಗಲ್ಲ. ಅಮ್ಮನ ಸಾಡೊ ಅವಳ ಹತ್ತಿರ ಇತ್ತು.

ಸಾಡೊ ಅಂದರೆ ನಮ್ಮ ಮಂಗಳೂರು ಕ್ರಿಶ್ಚಿಯನ್ನರ ಮದುವೆ ಸೀರೆ. ಕೆಂಪು ರೇಷ್ಮೆ, ಮೈತುಂಬ ಜರಿ. ನನ್ನ ಅಮ್ಮ ಅಪೊಲೊನಿಯಾ ಅದನ್ನುಟ್ಟು ಮದುವೆಯಾದಳು, ಅದನ್ನೇ ಉಟ್ಟು ಮಣ್ಣಿಗೆ ಹೋಗಬೇಕೆಂದು ಎಂದೋ ತೀರ್ಮಾನಿಸಿಬಿಟ್ಟಿದ್ದಾಳೆ. ಎಂಬತ್ತು ದಾಟಿದೆ, ಬೇರೆ ಆಸೆ ಅಂತ ಏನೂ ಇಲ್ಲ. "ಮೇಲಿರುವ ನಿನ್ನ ಅಪ್ಪ ನನ್ನ ಮುಖ ಮರೆತಿರಬಹುದು, ಸಾಡೊ ಮರೆತಿರ್ಲಿಕ್ಕಿಲ್ಲ" ಅನ್ನುತ್ತಾಳೆ. ಈಸ್ಟರ್ ಹೊತ್ತಿಗೆ ಹೇಜಲ್ ಬಂದು, ಜರಿ ಕಪ್ಪಾಗಿದೆ, ಡ್ರೈಕ್ಲೀನ್ ಮಾಡಿಸಿ ತರ್ತೇನೆ ಎಂದು ಒಯ್ದಳು. ಆಮೇಲೆ ಕೇಳಿದಾಗಲೆಲ್ಲ "ಅಯ್ಯೋ, ಮರೆತೇ ಹೋಯ್ತು". ಕಳೆದ ತಿಂಗಳು ಅಮ್ಮ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದಾಗ, ಆಕ್ಸಿಜನ್ ಮಾಸ್ಕ್ ಸರಿಸಿ ನನ್ನನ್ನು ಕೇಳಿದ್ದು ಒಂದೇ ಮಾತು: "ಸಾಡೊ ಬಂತಾ?" ಅಮ್ಮ ಹೇಗೋ ಬದುಕಿ ಮನೆಗೆ ಬಂದಳು. ಸಾಡೊ ಬರಲಿಲ್ಲ. ಈ ಸಲ ಬಿಡುವುದಿಲ್ಲ, ಪ್ರದರ್ಶನ ಮುಗಿದ ಕೂಡಲೇ ಇವಳ ಮನೆಗೇ ಹೋಗಿ ಕಪಾಟು ತೆಗೆಸುತ್ತೇನೆ ಎಂದುಕೊಂಡೇ ನಾನು ಕಾರು ಹತ್ತಿದ್ದು.

ನೈರೋಬಿಯ ಜುಲೈ ಚಳಿ. ಹೇಜಲ್ ಕುತ್ತಿಗೆಯಿಂದ ಮೊಣಕಾಲಿನವರೆಗೆ ಕಪ್ಪು ಕೋಟು ಹಾಕಿಕೊಂಡಿದ್ದಳು. ಒಳಗೆ ಮೊದಲಿಗೆ ಅಮೃತಶಿಲೆಯ ಬತ್ತಲೆ ಗಂಡಸರು. ಅವರ ಪಕ್ಕ ನಿಂತು ಸೆಲ್ಫಿ ತೆಗೆದುಕೊಳ್ಳುವ ಹೆಂಗಸರು. ಆಮೇಲೆ ಚಿತ್ರಗಳು. ಮಾತೆ ಮರಿಯಮ್ಮನ ಮುಂದೆ ನಾನು ಶಿಲುಬೆಯ ಗುರುತು ಮಾಡಿಕೊಂಡೆ. ಪಕ್ಕದಲ್ಲಿದ್ದ ಹುಡುಗಿ ಮುಸಿಮುಸಿ ನಕ್ಕಳು. ನಗಲಿ, ನನ್ನ ಗಂಟೇನು ಹೋಯಿತು.

ಕೊನೆಯದು ಬಟ್ಟೆಗಳ ಕೋಣೆ. ಮಂದ ಬೆಳಕು, ಉಸಿರು ಕಟ್ಟುವಷ್ಟು ಸೆಕೆ. ನಡುವೆ ಗಾಜಿನ ಪೆಟ್ಟಿಗೆಯಲ್ಲಿ ಒಬ್ಬ ಶ್ರೀಮಂತ ಹೆಂಗಸಿನ ನಿಲುವಂಗಿ ಅಂಗಾತ ಮಲಗಿತ್ತು. ಅವಳನ್ನು ಇದರಲ್ಲೇ ಹೂಳಿದ್ದರಂತೆ. ಎಷ್ಟೋ ಕಾಲದ ನಂತರ ಸಮಾಧಿ ಒಡೆದು, ಎಲುಬುಗಳಿಂದ ಬಿಡಿಸಿ ತೆಗೆದರಂತೆ. "ಈ ಕಂದು ಕಲೆಗಳು ದೇಹ ಕೊಳೆತಾಗ ಆದದ್ದು" ಎಂದು ಗೈಡ್ ಇಂಗ್ಲಿಷಿನಲ್ಲಿ ವಿವರಿಸಿದ. ಜನ "ವಾವ್" ಅಂದರು. ಒಬ್ಬ ಬಾಯಿಯಿಂದ ಆಲಿವ್ ಬೀಜ ತೆಗೆದು ಅಂಗೈಯಲ್ಲಿಟ್ಟುಕೊಂಡು ಮತ್ತೂ ಬಗ್ಗಿ ನೋಡಿದ.

"ಥೂ!" ಅಂದೆ, ಗಟ್ಟಿಯಾಗಿಯೇ.

"ಎಂತ ಈಲೇನಕ್ಕ, ಜನ ನೋಡ್ತಾರೆ."

"ನೋಡಲಿ. ಮನೆಯವರು ಅಳುತ್ತಾ ಉಡಿಸಿ ಕಳಿಸಿದ್ದನ್ನು ಕಿತ್ತುಕೊಂಡಿದ್ದಾರಲ್ಲ, ನಾಚಿಕೆ ಮಾನ ಉಂಟಾ ಇವರಿಗೆ?"

"ತೆಗೆದದ್ದಕ್ಕೆ ಉಳಿಯಿತು. ಇಲ್ಲದಿದ್ರೆ ಹುಳ ತಿಂದು ಹಾಕ್ತಿತ್ತು. ಇಷ್ಟು ಒಳ್ಳೆ ಸಿಲ್ಕನ್ನು ಮಣ್ಣಿಗೆ ಹಾಕುವುದು ವೇಸ್ಟ್ ಅಲ್ವಾ? ಅಬ್ಬಾ, ಎಂತ ಸೆಕೆ ಮಾರಾಯ್ರೇ ಇಲ್ಲಿ" ಎಂದು ಹೇಜಲ್ ಕೋಟು ಕಳಚಿದಳು.

ಒಳಗೆ ಕೆಂಪು ಜಾಕೆಟ್ ಇತ್ತು. ಮ್ಯೂಸಿಯಂನ ಇಟಾಲಿಯನ್ ಹೆಂಗಸೊಬ್ಬಳು ಓಡಿ ಬಂದು ತೋಳು ಮುಟ್ಟಿ, ಎಷ್ಟು ಚಂದ, ಎಲ್ಲಿಯದು ಎಂದಳು. "ವಿಂಟೇಜ್. ಫ್ಯಾಮಿಲಿ ಪೀಸ್" ಎಂದು ಹೇಜಲ್ ಒಂದು ಸುತ್ತು ತಿರುಗಿ ತೋರಿಸಿದಳು. ಆಗ ಕಾಲರಿನ ಕೆಳಗೆ ಹಳದಿ ದಾರದ ನಕ್ಷತ್ರ ಕಂಡಿತು. ಮದುವೆಯ ದಿನ ಮೇಣದಬತ್ತಿಯ ಕಿಡಿ ಬಿದ್ದು ಸಾಡೊಗೆ ತೂತಾಗಿತ್ತು. ಅಮ್ಮನೇ ಅದರ ಮೇಲೆ ನಕ್ಷತ್ರ ಹೊಲಿದಿದ್ದಳು; ದಾರ ಸಾಲದೆ ಒಂದು ಮೂಲೆ ಮೊಂಡಾಗಿ ಉಳಿದಿತ್ತು. ಅದೇ ಮೊಂಡು ಮೂಲೆ.

"ಬಿಚ್ಚು."

"ಎಂತದ್ದು?"

"ಜಾಕೆಟ್ ಬಿಚ್ಚು ಹೇಜಲ್."

"ಇಲ್ಲಿಯಾ? ನಾನು ಮಮ್ಮಿಗೆ ಹೇಳ್ಬೇಕಂತಲೇ ಇದ್ದೆ. ಉಳಿದ ಪೀಸಲ್ಲಿ ಕುಶನ್ ಕವರ್ ಮಾಡಿಸಿದ್ದೇನೆ, ನಿಮಗೂ ಎರಡು..."

"ಈ ಹೆಂಗಸಿನದ್ದನ್ನು ಸತ್ತ ಮೇಲಾದರೂ ಕಿತ್ತರು. ನನ್ನ ಅಮ್ಮ ಇನ್ನೂ ಉಸಿರಾಡ್ತಾ ಇದ್ದಾಳೆ!"

ಕೋಣೆಯೆಲ್ಲ ನಮ್ಮನ್ನೇ ನೋಡುತ್ತಿತ್ತು. ಹೇಜಲ್ ಕೆಂಪಾಗಿ, ಗುಂಡಿ ಬಿಚ್ಚಿ ಜಾಕೆಟ್ಟನ್ನು ನನ್ನ ಕಡೆ ಎಸೆದಳು. ನಾನು ಅದನ್ನು ಹಿಡಿದುಕೊಂಡು ಟ್ಯಾಕ್ಸಿ ಹತ್ತಿದೆ. ದಾರಿಯುದ್ದಕ್ಕೂ ಅದರಿಂದ ಅವಳ ಸೆಂಟು, ಕಂಕುಳ ಬೆವರಿನ ವಾಸನೆ. ಮೊಂಬಾಸಾ ರೋಡಿನ ಟ್ರಾಫಿಕ್ಕಿನಲ್ಲಿ ಕಿಟಕಿ ಇಳಿಸಿ ಕೂತೆ.

ಅಮ್ಮ ಜಪಮಾಲೆ ಮುಗಿಸಿ ಕುಳಿತಿದ್ದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಜಾಕೆಟ್ಟನ್ನು ಮಡಿಲಿಗೆ ಹಾಕಿದೆ. ಅವಳು ತೋಳು ಎತ್ತಿ ನೋಡಿದಳು, ಗುಂಡಿ ಮುಟ್ಟಿದಳು, ನಕ್ಷತ್ರ ಹುಡುಕಿ ಅದರ ಮೇಲೆ ಹೆಬ್ಬೆರಳು ಆಡಿಸಿದಳು. ನನಗೆ ಅಳು ತಡೆಯಲಾಗಲಿಲ್ಲ.

"ಅಮ್ಮ, ಹೊಲಿಗೆ ಬಿಚ್ಚಿಸ್ತೇನೆ. ಕುಶನಿಂದೂ ಕಿತ್ತು ತರ್ತೇನೆ. ಎಲ್ಲ ಸೇರಿಸಿ ಹೊದಿಕೆ ಮಾಡಿ ನಿನಗೆ ಹೊದೆಸ್ತೇನೆ, ಆಯ್ತಾ?"

ಅಮ್ಮ ಅದನ್ನು ಮೂಗಿನ ಹತ್ತಿರ ಒಯ್ದು ಥಟ್ಟನೆ ದೂರ ಹಿಡಿದಳು.

"ಛೀ! ಅವಳ ಬೆವರು ಹೊದ್ಕೊಂಡು ನಾನು ನಿನ್ನ ಅಪ್ಪನ ಹತ್ತಿರ ಹೋಗುವುದಾ? ವಾಪಸ್ ಕೊಡು."

"ಕೊಡುವುದಾ? ಅವಳಿಗಾ?"

"ಹೌದು, ಅವಳಿಗೇ." ಅಮ್ಮ ಜಾಕೆಟ್ಟನ್ನು ಒಪ್ಪವಾಗಿ ಮಡಚಿ ನನ್ನ ಕೈಗಿಟ್ಟಳು. "ಒಂದು ಮಾತು ಹೇಳು ಅವಳಿಗೆ. ನಾನು ಹೋದ ದಿನ ಇಗರ್ಜಿಗೆ ಇದನ್ನೇ ಹಾಕ್ಕೊಂಡು ಬರ್ಬೇಕು. ನನ್ನ ಪೆಟ್ಟಿಗೆ ಪಕ್ಕದಲ್ಲೇ ನಿಲ್ಬೇಕು. ನಾನು ನೈಟಿಯಲ್ಲಿ ಮಲಗಿರ್ತೇನೆ."