ಹಾಲಮ್ಮನ ತಂಬಿಗೆ

ನಾನು ತಿರುಗಿಸುವ ಮುಚ್ಚಳದ ಒಂದು ಸ್ಟೀಲ್ ತಂಬಿಗೆ. ಹುಟ್ಟಿದ್ದು ಕಾರ್ಖಾನೆಯಲ್ಲಿ, ಹೆಸರು ಬಂದದ್ದು ದಾವಣಗೆರೆಯ ಪಾತ್ರೆ ಅಂಗಡಿಯಲ್ಲಿ. 'ಹಾಲಮ್ಮನಿಗೆ ತವರಿನ ಉಡುಗೊರೆ' ಎಂದು ನನ್ನ ಹೊಟ್ಟೆಯ ಮೇಲೆ ಕೊರೆದರು. ನೋವಾಯಿತು, ಆದರೂ ಬೀಗಿದೆ.

ಹಾಲಮ್ಮ ಮಂಡಕ್ಕಿ ಭಟ್ಟಿಯಲ್ಲಿ ಅಕ್ಕಿ ಹುರಿಯುವವಳು. ದಿನವಿಡೀ ಬೆಂಕಿಯೆದುರು ನಿಂತು ಮೈ ಮುರಿದುಹೋಗುತ್ತಿತ್ತು. ನೋವಿಗೆಂದು ಗಂಡನ ಬಾಟಲಿಯಿಂದ ಒಂದು ಗುಟುಕು ಕುಡಿದಳು. ಆಮೇಲೆ ನೋವಿಲ್ಲದ ದಿನವೂ ಬೇಕಾಯಿತು. ನೀರಿನ ಬದಲು ನನ್ನೊಳಗೆ ಬ್ರಾಂದಿ ಬಂತು. ನನ್ನ ಮುಚ್ಚಳ ಬಲು ಬಿಗಿ, ವಾಸನೆ ಹೊರಗೆ ಬಿಡುವುದಿಲ್ಲ. ಆ ಹೆಚ್ಚುಗಾರಿಕೆಗೆ ಆಗ ನಾಚಿಕೆಪಟ್ಟೆ.

ಒಂದು ದಿನ ಮಗಳು ನೇತ್ರಾ ಶಾಲೆಯಿಂದ ಓಡಿ ಬಂದು, ನೀರೆಂದು ಕುಡಿದು, ಕೆಮ್ಮಿ ಉಗುಳಿದಳು. ಅಂದಿನಿಂದ ಅವಳು ಮೂಸದೆ ಏನನ್ನೂ ಬಾಯಿಗಿಡಲಿಲ್ಲ. ಹಾಲಮ್ಮ ಅದನ್ನು ದಿನಾ ನೋಡಿದಳು. ಭಟ್ಟಿಯ ಗೆಳತಿಯ ಮುಂದೆ ಅತ್ತಳು: "ಬಿಡ್ಬೇಕು ಕಣೇ ಮೆಹಬೂಬಿ, ನನ್ ಕೈಲಿ ಆಗ್ತಿಲ್ಲ."

ಕುಡಿತ ಬಿಡಿಸುವ ಆಸ್ಪತ್ರೆಯವರು ಸೇರಿಸಿಕೊಳ್ಳಲು ಒಪ್ಪಿದರು. ಜೊತೆಗೆ ಮನೆಯವರೊಬ್ಬರು ಇರಬೇಕು ಎಂದರು. ಹಿಂದೆ ಗಂಡ ಕುಡಿತ ಬಿಡಲು ಹೋದಾಗ ಹಾಲಮ್ಮ ಇಪ್ಪತ್ತು ದಿನ ಅವನ ಪಕ್ಕ ಕೂತಿದ್ದಳು. ಅವನು ಮರಳಿದಾಗ ಓಣಿಯವರು ಹಾರ ಹಾಕಿದ್ದರು. ಹಾರ ಬಾಡುವುದರೊಳಗೆ ಬಾಟಲಿ ಬಂದಿತ್ತು, ಆ ಮಾತು ಬೇರೆ.

"ಕುಡ್ಕಿ ಹೆಂಗ್ಸಿನ ಹತ್ರ ನಾನ್ ಕೂತ್ಕಂಡ್ರೆ ನನ್ ಮರ್ಯಾದೆ ಏನಾಗ್ಬೇಕು?" ಎಂದ ಗಂಡ.

ಮೆಹಬೂಬಿ ನನ್ನನ್ನು ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿ, ಗಂಜಿ ತುಂಬಿಕೊಂಡು ಹಾಲಮ್ಮನ ಜೊತೆ ನಡೆದಳು.

"ಇವ್ರಿಗೆ ನೀವೇನಾಗ್ಬೇಕು?" ಎಂದು ನರ್ಸ್ ಕೇಳಿದಳು.

"ಅಕ್ಕ."

ನರ್ಸ್ ಇಬ್ಬರ ಹೆಸರನ್ನೂ ನೋಡಿ, ಅಕ್ಕ ಎಂದೇ ಬರೆದುಕೊಂಡಳು.

ಭಟ್ಟಿಯ ಹೆಂಗಸರು ಸರದಿಯ ಮೇಲೆ ಬಂದು ಕೂತರು. ಹಾಲಮ್ಮನ ಕೈ ನಡುಗಿ ಗಂಜಿಯೆಲ್ಲ ಸೆರಗಿನ ಮೇಲೆ ಚೆಲ್ಲುತ್ತಿತ್ತು. ಮನೆಗೆ ಬಂದ ಎರಡು ತಿಂಗಳಿಗೆ ಮತ್ತೆ ಜಾರಿದಳು. ಮೆಹಬೂಬಿ ಬೈಯಲಿಲ್ಲ; ನನ್ನನ್ನು ಬಚ್ಚಲಿಗೆ ಬಗ್ಗಿಸಿ, ಮತ್ತೆ ಉಜ್ಜಿ, ಮತ್ತೆ ಅವಳ ಜೊತೆ ಆಸ್ಪತ್ರೆಗೆ ಹೊರಟಳು.

ಅದಾಗಿ ನಾಲ್ಕು ವರ್ಷ. ಈಗ ನನ್ನ ಮುಚ್ಚಳ ಸವೆದು ಸಡಿಲವಾಗಿದೆ, ಏನು ತುಂಬಿದರೂ ಜಿನುಗುತ್ತದೆ. ಮುಚ್ಚಿಡುವ ಕೆಲಸ ತಪ್ಪಿದ್ದಕ್ಕೆ ನನಗೆ ಸಂತೋಷವೇ. ಗುಜರಿಗೆ ಹಾಕಲು ಹಾಲಮ್ಮ ಒಪ್ಪಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ ನೀರಿಗೆ ಇಟ್ಟುಕೊಂಡಿದ್ದಾಳೆ.

ಮೊನ್ನೆ ನೇತ್ರಾ ಕಾಲೇಜಿನಿಂದ ಬಿಸಿಲಲ್ಲಿ ಬಂದವಳೇ ನನ್ನನ್ನೆತ್ತಿ ಗಟಗಟ ಕುಡಿದಳು. ಮೂಸಲಿಲ್ಲ. ರೊಟ್ಟಿ ತಟ್ಟುತ್ತಿದ್ದ ಹಾಲಮ್ಮನ ಕೈ ನಿಂತಿತು.

"ಇನ್ನೊಂದಿಷ್ಟು ಕೊಡ್ಲೇನೇ?" ಎಂದಳು.

"ಹ್ಞೂ, ತುಂಬ್ಸು," ಎಂದು ಮಗಳು ನನ್ನನ್ನು ಅವಳ ಕೈಗಿತ್ತಳು.