ಮಧ್ಯಾಹ್ನ ಬೈಯೋ ಫೋನು

ಫೋನ್ ರಿಪೇರಿ ಅಂಗಡಿ ಅಂದ್ರೆ ಇಡೀ ದಿನ ಟಿಣಿಟಿಣಿ ಅಂತಿರತ್ತೆ ಅಂದ್ಕೊಂಡಿದ್ರೆ, ಸುಳ್ಳು. ಅಲ್ಲಿಗೆ ಬರೋ ಫೋನೆಲ್ಲ ಬಾಯಿ ಕಟ್ಟಿಕೊಂಡೇ ಬರ್ತಾವೆ. ಬಾಯಿ ಬಂದ ತಕ್ಷಣ ಎದ್ದು ಹೋಗ್ತಾವೆ. ತಿರುಗಿ ಕೂಡ ನೋಡಲ್ಲ!

ಆ ಅಂಗಡಿಯವನಿಗೆ ಎಲ್ಲರೂ ಸ್ಕ್ರೂ ಅಂತಿದ್ರು. ಕಡ್ಡಿಯಂಥ ಮೈ, ಮೇಲೊಂದು ದಪ್ಪ ತಲೆ. ಮದುವೆ ಆಗಿರಲಿಲ್ಲ, ಯಾಕೆ ಅಂತ ಕೇಳೋರೂ ಈಗೀಗ ಸುಸ್ತಾಗಿದ್ರು. ಅಂಗಡಿ ಮೇಲೇ ಒಂದು ರೂಮು. ಬೆಳಗ್ಗೆ ಮೆಟ್ಟಿಲು ಇಳಿದ್ರೆ ಕೆಲಸ, ಸಂಜೆ ಹತ್ತಿದ್ರೆ ಮನೆ. ಅವನ ಸ್ವಂತ ಫೋನಿಗೆ ದಿನಾ ಬೆಳಗ್ಗೆ ಅಕ್ಕನಿಂದ ಒಂದು ಹೂವಿನ ಚಿತ್ರ ಬರ್ತಿತ್ತು. ಅದೇ ಹೂವು ನೆಂಟರಿಗೆಲ್ಲ ಹೋಗ್ತಿತ್ತು ಅಂತ ಅವನಿಗೂ ಗೊತ್ತು. ಆದ್ರೂ ಇವನು ತಪ್ಪದೆ ಕೈಮುಗಿಯೋ ಚಿಹ್ನೆ ಒತ್ತಿ ಕಳಿಸ್ತಿದ್ದ. ಅಲ್ಲಿಗೆ ಆವತ್ತಿನ ಸಂಸಾರ ಮುಗೀತು.

ಪಕ್ಕದ ಅಂಗಡಿ ಬೀಗದ ಮಾಮನದ್ದು. ಕೀಲಿ ಕೈ ಉಜ್ಜಿ ಕೊಡೋ ಮುದುಕ. ನಡುವೆ ತೆಳ್ಳನೆ ಪ್ಲೈವುಡ್ಡು ಗೋಡೆ, ಆ ಕಡೆ ಕೆಮ್ಮಿದ್ರೆ ಈ ಕಡೆ ಗಂಟಲು ಕೆರೀತಿತ್ತು.

"ಈ ಫೋನು ಬಂದ್ಮೇಲೆ ಮನೆಗಳೆಲ್ಲ ಲಾಡ್ಜ್ ಆಗ್ಹೋಯ್ತು ಕಣೋ," ಅಂತ ಮಾಮ ಗೋಡೆ ಆಚೆಯಿಂದ ಶುರು ಮಾಡೋರು. "ಒಂದೇ ಸೂರು, ಆದ್ರೆ ಒಬ್ಬೊಬ್ಬರದು ಒಂದೊಂದು ರೂಮು."

"ನೀವು ರೂಮಿಗೊಂದು ಬೀಗ ಮಾಡಿಕೊಡೋದು ಬಿಟ್ರೆ ಸರಿಹೋಗತ್ತೆ ಮಾಮ."

"ತಲೆಹರಟೆ! ನನ್ನ ಬೀಗಕ್ಕೆ ಕೀಲಿ ಇರತ್ತೆ. ನಿನ್ನ ಫೋನಿಗೆ?"

ಹೀಗಿರುವಾಗ ಒಂದಿನ ಗುಂಗುರು ಕೂದಲಿನವನೊಬ್ಬ ಬಂದು, "ನಮ್ಮ ಜೊತೆ ಕೆಲಸ ಮಾಡೋರದ್ದು, ಬಿದ್ದು ಒಡೆದಿದೆ," ಅಂತ ಒಂದು ಫೋನು ಇಟ್ಟು ಹೋದ. ಪರದೆ ಪೂರ್ತಿ ಕಪ್ಪು. ಹೊಸ ಪರದೆ ತರಿಸಬೇಕಿತ್ತು. ಸ್ಕ್ರೂ ಅದನ್ನ ಶೆಲ್ಫ್ ಮೇಲಿಟ್ಟ.

ಮಧ್ಯಾಹ್ನ ಆ ಫೋನು ಬಾಯಿಬಿಡ್ತು ನೋಡಿ!

"ಏಯ್, ಊಟ ಮಾಡು. ಆಮೇಲೆ ಮಾಡಿದ್ರಾಯ್ತು ಅಂತ ನೆಪ ಹೇಳ್ಬೇಡ. ಏಳು, ಎದ್ದೇಳು. ಕೈ ತೊಳ್ಕೋ."

ಹೆಂಗಸಿನ ಧ್ವನಿ. ಸ್ವಲ್ಪ ಒಡಕು, ಸ್ವಲ್ಪ ಗದರಿಕೆ, ಕೊನೆಗೆ ಬಂದಾಗ ಸ್ವಲ್ಪ ನಗು. ಯಾರೋ ಮಾತನ್ನೇ ರೆಕಾರ್ಡ್ ಮಾಡಿ ಅಲಾರಂ ಮಾಡಿದ್ರು. ಪರದೆ ಇಲ್ಲದೆ ನಿಲ್ಲಿಸೋ ಹಾಗಿಲ್ಲ, ಹೇಳಿದ್ದನ್ನೇ ಹೇಳಿ ಹೇಳಿ ತಾನಾಗೇ ಸುಮ್ಮನಾಯ್ತು. ಸ್ಕ್ರೂ ಕೈಯಲ್ಲಿದ್ದ ಕೆಲಸ ಬಿಟ್ಟು ಕೂತಿದ್ದ. ಆಮೇಲೆ ಎದ್ದು ಕೈ ತೊಳ್ಕೊಂಡು ಡಬ್ಬಿ ಬಿಚ್ಚಿದ. ಸಾಮಾನ್ಯವಾಗಿ ಅವನ ಡಬ್ಬಿ ಬಿಚ್ಚೋದು ಸಂಜೆ ಆದ್ಮೇಲೆ. ಎಷ್ಟೋ ಸಲ ಬಿಚ್ಚದೇ ಹಾಗೇ ಮೇಲಕ್ಕೆ ಹೋಗ್ತಿತ್ತು.

ಮಾರನೇ ದಿನವೂ ಬೈತು. ಇವನು ಉಂಡ. ಅದರ ಮಾರನೇ ದಿನ, "ಆಯ್ತು, ಆಯ್ತು, ಎದ್ದೆ," ಅಂತ ಜೋರಾಗಿ ಉತ್ತರಾನೇ ಕೊಟ್ಬಿಟ್ಟ!

"ಯಾರೋ ಅದು ಒಳಗೆ?" ಅಂದ್ರು ಮಾಮ.

"ಕಸ್ಟಮರ್ ಫೋನು ಮಾಮ."

"ಬ್ಯಾಟರಿ ಕಿತ್ತು ಬಿಸಾಕೋ ಆಚೆ."

"ಕಿತ್ರೆ ಒಳಗಿರೋದೆಲ್ಲ ಹೋಗತ್ತೆ," ಅಂದ ಸ್ಕ್ರೂ. ಬ್ಯಾಟರಿ ಕಿತ್ರೆ ಏನೂ ಹೋಗಲ್ಲ ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಒಂದು ಮಧ್ಯಾಹ್ನ ಫೋನು ಮಾತಾಡಲಿಲ್ಲ. ಚಾರ್ಜು ಮುಗಿದಿತ್ತು. ಆವತ್ತು ಅಂಗಡಿಯಲ್ಲಿ ಎಂಥ ಬಿಕೋ ಅನ್ನೋ ಮೌನ ಅಂದ್ರೆ, ಪಕ್ಕದಲ್ಲಿ ಮಾಮ ಕೀಲಿ ಉಜ್ಜೋ ಕರಕರ ಕೂಡ ದೂರದಿಂದ ಬಂದ ಹಾಗಿತ್ತು. ಸ್ಕ್ರೂ ಎದ್ದು ತನ್ನ ಫೋನಿನ ಚಾರ್ಜರ್ ಕಿತ್ತು ಅದಕ್ಕೆ ಚುಚ್ಚಿದ. ಆವತ್ತಿಂದ ಆ ವೈರು ಅಲ್ಲೇ ಉಳೀತು.

ಹೊಸ ಪರದೆ ಬಂತು. ಅವನು ಅದನ್ನ ಡ್ರಾಯರಿಗೆ ಹಾಕಿ ಮುಚ್ಚಿದ. ಗುಂಗುರು ಕೂದಲಿನವನು ಬಂದು ಕೇಳಿದಾಗ, "ಇನ್ನೂ ಬಂದಿಲ್ಲ ಸಾರ್," ಅಂದ. ಹೇಳೋವಾಗ ಕಿವಿ ಬಿಸಿಯಾಯ್ತು. ಫೋನಿನ ಯಜಮಾನ ಯಾವ ಪುಣ್ಯಾತ್ಮನೋ, ಉಣ್ಣು ಅಂತ ಬೈಯೋರು ಮನೇಲೇ ಇದ್ದಾರೆ. ಅವನಿಗೆ ರೆಕಾರ್ಡು ಯಾಕೆ ಬೇಕು? ಇನ್ನೊಂದು ನಾಲ್ಕು ದಿನ ನನ್ನ ಹತ್ರ ಇದ್ರೆ ಏನು ಗಂಟು ಹೋಗತ್ತೆ? ಹೀಗೆ ತನಗೆ ತಾನೇ ಸಮಾಧಾನ ಹೇಳ್ಕೊಂಡ.

ಆಮೇಲೆ ಫೋನಿನ ಒಡತಿಯೇ ಬಂದಳು.

ಹೆಗಲಿಗೆ ಚೀಲ, ಉಗುರಿನ ಸಂದಿಯಲ್ಲಿ ಬಿಳೀ ಪುಡಿ. "ಪಾರ್ಟು ಬಂತಾ? ಎಷ್ಟು ದಿನ ರೀ ಕಾಯೋದು?"

ಸ್ಕ್ರೂ ಕೈಯಿಂದ ಸ್ಕ್ರೂಡ್ರೈವರ್ ಜಾರಿ ಬಿತ್ತು. ಅದೇ ಒಡಕು. ಅದೇ ಗದರಿಕೆ.

ಗೋಡೆ ಆಚೆ ಕೀಲಿ ಉಜ್ಜೋದು ಗಕ್ಕಂತ ನಿಂತಿತು. "ಲೇ ಸ್ಕ್ರೂ, ಇದು ಆ..." ಅಂತ ಮಾಮ ಬಾಯಿ ತೆಗೆದ್ರು. ಇವನು ಜೋರಾಗಿ ಕೆಮ್ಮಿ ಮುಚ್ಚಿ ಹಾಕಿದ.

"ಬಂದಿದೆ ಮೇಡಂ. ಇವತ್ತೇ ಬಂತು. ಕೂತ್ಕೊಳ್ಳಿ."

ಅವಳು ಸ್ಟೂಲಿನ ಮೇಲೆ ಕೂತಳು. ಕಟ್ಟಿಸೋ ಹಲ್ಲು ಮಾಡೋ ಲ್ಯಾಬಲ್ಲಿ ಕೆಲಸ ಅಂದಳು. ದಿನವಿಡೀ ಒಂದು ದೀಪ, ಒಂದು ದವಡೆ ಅಚ್ಚು, ತಾನು. "ಊರವರಿಗೆಲ್ಲ ಅಗಿಯೋಕೆ ಹಲ್ಲು ಮಾಡಿಕೊಡ್ತೀನಿ, ನನಗೆ ಉಣ್ಣೋದೇ ಮರೆತುಹೋಗತ್ತೆ," ಅಂತ ನಕ್ಕಳು.

"ಹಲ್ಲಿದ್ರೆ ಕಡಲೆ ಇಲ್ಲ, ಕಡಲೆ ಇದ್ರೆ ಹಲ್ಲಿಲ್ಲ," ಅಂದ ಇವನು ತಲೆ ಎತ್ತದೆ.

"ನನ್ನ ಹತ್ರ ಎರಡೂ ಇದೆ. ನೆನಪು ಮಾಡೋರಿಲ್ಲ ಅಷ್ಟೆ."

ಹೊಸ ಪರದೆ ಕೂತಿತು. ಬೆಳಕು ಬಂತು. ಸರಿಯಾಗಿ ಆಗಲೇ, ಅವನ ಅಂಗೈಯಲ್ಲೇ, ಫೋನು ಶುರುವಾಯ್ತು.

"ಏಯ್, ಊಟ ಮಾಡು. ಆಮೇಲೆ ಮಾಡಿ..."

ಅವಳು ಹಾರಿ ಬಂದು ಪರದೆ ಮೇಲೆ ಬೆರಳು ಒತ್ತಿದಳು. ಮಾತು ಅಲ್ಲೇ ತುಂಡಾಯ್ತು. ಇಷ್ಟು ದಿನದಲ್ಲಿ ಅದು ಅರ್ಧಕ್ಕೆ ನಿಂತಿದ್ದು ಅದೇ ಮೊದಲು.

"ನಮ್ಮಕ್ಕ," ಅಂದಳು. ಮುಖವೆಲ್ಲ ಕೆಂಪು. "ನಂದೇ ಥರ ಇರತ್ತೆ ಅವಳ ಧ್ವನಿ."

"ಹೌದಾ," ಅಂದ ಸ್ಕ್ರೂ. ಫೋನು ಒರೆಸಿ ಅವಳ ಕೈಗಿಟ್ಟು ದುಡ್ಡು ಇಸ್ಕೊಂಡ. ತಮ್ಮನ್ನ ತಾವೇ ಊಟಕ್ಕೆ ಎಬ್ಬಿಸಿಕೊಳ್ಳೋ ಮನುಷ್ಯರ ಹತ್ರ ಏನು ಅಂತ ಮಾತಾಡೋದು?

ಅವಳು ಬಾಗಿಲ ತನಕ ಹೋದಾಗ ಅವನಿಗೆ ತಡೆಯೋಕಾಗಲಿಲ್ಲ. "ಮೇಡಂ... ನಿಮ್ಮಕ್ಕನಿಗೆ ಹೇಳಿ. ಅವರ ದೆಸೆಯಿಂದ ಈ ಅಂಗಡಿಯಲ್ಲೂ ಒಬ್ಬ ಹೊತ್ತಿಗೆ ಸರಿಯಾಗಿ ಉಂಡ ಅಂತ."

ಅವಳು ತಿರುಗಿದಳು. ಶೆಲ್ಫ್ ಮೇಲೆ ನೇತಾಡ್ತಿದ್ದ ಚಾರ್ಜರ್ ವೈರು ನೋಡಿದಳು. ಬೈತಾಳೇನೋ ಅಂದ್ಕೊಂಡ. ಬೈದಿದ್ರೂ ಚೆನ್ನಾಗಿರ್ತಿತ್ತು.

"ಹೇಳ್ತೀನಿ," ಅಂದಳು ಮೆಲ್ಲಗೆ. ಹೋದಳು.

ಮಾರನೇ ಮಧ್ಯಾಹ್ನ ವೈರು ಖಾಲಿ ನೇತಾಡ್ತಿತ್ತು. ಸ್ಕ್ರೂ ತನ್ನ ಫೋನು ಬಾಯಿ ಹತ್ರ ಹಿಡಿದು, "ಊಟ ಮಾಡೋ," ಅಂದು ಕೇಳಿಸಿಕೊಂಡ. ಪೊಲೀಸಿನವರು ಕಳ್ಳನನ್ನ ಕರೆದ ಹಾಗಿತ್ತು. ಅಳಿಸಿದ. ಮುದ್ದಾಗಿ ಹೇಳಿ ನೋಡಿದ. ಅದಂತೂ ಕೇಳೋಕೇ ಆಗಲಿಲ್ಲ. ಅದನ್ನೂ ಅಳಿಸಿದ. ಡಬ್ಬಿ ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು.

ಆಗ ಪ್ಲೈವುಡ್ಡಿಗೆ ಟಕ್ ಟಕ್ ಅಂತ ಸದ್ದಾಯ್ತು. "ಏಯ್, ಊಟ ಮಾಡು. ನೆಪ ಹೇಳ್ಬೇಡ," ಅಂದ್ರು ಮಾಮ, ಧ್ವನಿ ಸಣ್ಣ ಮಾಡಿ, ಹೆಂಗಸಿನ ಥರ. ಎಂಥ ಕೆಟ್ಟ ಅಣಕ ಅಂತೀರಿ!

ಸ್ಕ್ರೂಗೆ ನಗು ಬರಬೇಕಿತ್ತು. ಬರಲಿಲ್ಲ. "ಆಯ್ತು ಮಾಮ, ಆಗಲೇ ಆಯ್ತು," ಅಂದ, ಮುಚ್ಚಿದ ಡಬ್ಬಿ ನೋಡ್ತಾ. ಆಮೇಲೆ, ಇಷ್ಟು ವರ್ಷದಲ್ಲಿ ಒಂದು ಸಲವೂ ಕೇಳಿರದಿದ್ದನ್ನ ಕೇಳಿದ. "ನಿಮ್ದಾಯ್ತಾ?"

ಗೋಡೆ ಆಚೆ ಮತ್ತೆ ಕೀಲಿ ಉಜ್ಜೋ ಕರಕರ ಶುರುವಾಯ್ತು. ಅದರ ನಡುವೆನೇ ಮಾಮ, "ಹೂಂ, ಆಯ್ತು," ಅಂದ್ರು.

ಬೆಳಗ್ಗೆಯಿಂದ ಆ ಕಡೆ ಡಬ್ಬಿ ಬಿಚ್ಚಿದ ಸದ್ದು ಮಾತ್ರ ಇವನಿಗೆ ಕೇಳಿಸಿರಲೇ ಇಲ್ಲ.